ಇಬ್ಬರ ಹೆಸರೂ ಬರೆದುಕೊಳ್ಳಿ

ವಯಸ್ಸಾದ ಯಜಮಾನರೊಬ್ಬರು ನನ್ನ ಮೇಜಿನ ಮೇಲೆ ಇಟ್ಟದ್ದು ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಇನ್ನೊಂದು ಕವರು, ಅದರೊಳಗೆ ಮಡಿಕೆ ಬಿದ್ದ ಕಡೆಯೆಲ್ಲ ಟೇಪು ಹಚ್ಚಿದ ಒಂದು ಪುಸ್ತಕ. ಸೈನ್ಯದಿಂದ ಹೊರಬರುವಾಗ ಸಿಪಾಯಿಯ ಕೈಗೆ ಕೊಟ್ಟು ಕಳಿಸುವಂಥದ್ದು. ಅಂದು ಸೋಮವಾರ, ತರೀಕೆರೆ ಕೋರ್ಟಿನಲ್ಲಿ ನನ್ನ ನಾಲ್ಕು ಕೇಸು ಕೂಗುವುದಿತ್ತು. ನಿಂತುಕೊಂಡೇ ಪುಟ ತಿರುವಿದೆ. ಕೊನೆಯ ಪುಟದಲ್ಲಿ, ಸೇವೆ ಮುಗಿದದ್ದಕ್ಕೆ ಕಾರಣ ಎಂಬ ಸಾಲಿನ ಮುಂದೆ ಇಂಗ್ಲಿಷಿನಲ್ಲಿ ಒಂದೇ ಪದ ಟೈಪಾಗಿತ್ತು: ವಜಾ.

“ಈ ಒಂದ್ ಪದ ತೆಗ್ಸಕ್ಕಾಗ್ತದಾ ಲಾಯರಮ್ಮ?” ಎಂದರು.

ವಯಸ್ಸು ಎಪ್ಪತ್ತು ದಾಟಿತ್ತು. ಬುಕ್ಕಾಂಬುಧಿಯವರು. ಊರಲ್ಲಿ ಇವರನ್ನು ಕರೆಯುವುದೇ ಮಿಲ್ಟ್ರಿ ಎಂದು. ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ ಸೇವೆಯಲ್ಲಿದ್ದ ಈ ಸೀಮೆಯ ಸಿಪಾಯಿಗಳ ಹೆಸರನ್ನು ಕೆತ್ತಿಸಿ ಅಜ್ಜಂಪುರದಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ಮಾಜಿ ಸೈನಿಕರು ಹೊರಟಿದ್ದರು. ಎಲ್ಲರೂ ತಮ್ಮ ಪುಸ್ತಕದ ಜೆರಾಕ್ಸ್ ಕೊಟ್ಟಾಗಿತ್ತು. ಇವರೊಬ್ಬರು ಮಾತ್ರ ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಆರು ತಿಂಗಳಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದರು. ದುಡ್ಡಿನ ಮಾತು ಇದರಲ್ಲಿ ಇರಲೇ ಇಲ್ಲ; ಪಿಂಚಣಿ ಬರುವಷ್ಟು ವರ್ಷ ಇವರು ದುಡಿದೇ ಇರಲಿಲ್ಲ. ಬೇಕಾಗಿದ್ದದ್ದು ಆ ಪದ ಅಳಿಯುವುದು, ಅಷ್ಟೆ.

ಏನು ತಪ್ಪು ಮಾಡಿದ್ದಿರಿ ಎಂದು ಕೇಳಿದೆ. ಸುತ್ತಿಬಳಸದೆ ಹೇಳಿದರು. ಸೆರೆಸಿಕ್ಕ ಶತ್ರು ಸೈನಿಕರನ್ನು ಇರಿಸಿದ್ದ ಉತ್ತರದ ಒಂದು ಶಿಬಿರದಲ್ಲಿ ಇವರು ಕಾವಲಿಗಿದ್ದರು. ನೀರಿನ ಕೆಲಸ ಯಾರಿಗೆ ಗೊತ್ತು ಎಂದು ಕೇಳಿದಾಗ, ನಮ್ಮಪ್ಪ ಕೆರೆಯ ನೀರುಗಂಟಿ ಎಂದು ಹೆಮ್ಮೆಯಿಂದ ಕೈ ಎತ್ತಿದ್ದರು. ಊರ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವವನು, ಕಟ್ಟುವವನು ನೀರುಗಂಟಿ. ಹಾಗಾಗಿ ಶಿಬಿರದ ನೀರಿನ ವಾಲ್ವು ಇವರ ಪಾಲಿಗೆ ಬಂತು. ಒಂದು ಬೇಸಿಗೆಯಲ್ಲಿ ಯಾವುದೋ ಬ್ಯಾರಕ್ಕಿನವರು ಸುರಂಗ ತೋಡುತ್ತಿದ್ದದ್ದು ಪತ್ತೆಯಾಯಿತು. ಸಿಟ್ಟಿಗೆದ್ದ ಕ್ಯಾಪ್ಟನ್, ಆ ಬ್ಯಾರಕ್ಕಿಗೆ ನೀರು ಬಂದ್ ಮಾಡು ಎಂದರು. ಇವರು ಬಂದ್ ಮಾಡಿದರು. ಎರಡು ದಿನ. ಎರಡನೆಯ ದಿನ ಮಧ್ಯಾಹ್ನ ಒಬ್ಬ ಕೈದಿ ತಲೆಸುತ್ತಿ ನಲ್ಲಿಯ ಕಟ್ಟೆಯ ಮೇಲೆ ಬಿದ್ದ. ತಲೆ ಒಡೆಯಿತು. ಸ್ಟ್ರೆಚರಿನ ಮೇಲೆ ಹೊತ್ತುಕೊಂಡು ಹೋದರು. ಅದಾದ ಮೇಲೆ ಕೈದಿಗಳನ್ನು ಹೇಗೆ ಇಟ್ಟಿದ್ದಾರೆಂದು ನೋಡಲು ಹೊರದೇಶದವರು ಬರುವುದಿತ್ತು, ಯಾರಿಗೋ ಶಿಕ್ಷೆಯಾಗಿದೆ ಎಂದು ತೋರಿಸಬೇಕಿತ್ತು. ಕ್ಯಾಪ್ಟನ್‌ಗೆ ವರ್ಗವಾಯಿತು. ಇವರಿಗೆ ಮೂರು ತಿಂಗಳು ಜೈಲು, ಆಮೇಲೆ ವಜಾ.

ನನಗೆ ಮೈಯೆಲ್ಲ ಉರಿಯಿತು. ನನ್ನ ಸ್ವಭಾವವೇ ಹಾಗೆ, ಬೇಗ ಉರಿಯುತ್ತೇನೆ. ಹೇಳಿದವನು ಆರಾಮಾಗಿ ಇನ್ನೊಂದೂರಿಗೆ ಹೋದ, ಕೇಳಿದವನ ಕುತ್ತಿಗೆಗೆ ಬಂತು. ಕೇಸು ಕೂಗುವುದನ್ನೂ ಮರೆತು, “ಬರೀತೀನಿ ಯಜಮಾನ್ರೆ, ತೆಗೆಸ್ತೀನಿ” ಎಂದುಬಿಟ್ಟೆ. ಸೈನ್ಯದ ಕಾನೂನಿನ ಪುಸ್ತಕವನ್ನು ಅದುವರೆಗೆ ನಾನು ಮುಟ್ಟಿಯೂ ಇರಲಿಲ್ಲ.

ಮುಂದಿನ ಮೂರು ವಾರ ಅದನ್ನೇ ಓದಿದೆ. ಇವರ ವಿಚಾರಣೆ ನಡೆದದ್ದು ಸಂಕ್ಷಿಪ್ತ ಸೇನಾ ನ್ಯಾಯಾಲಯದಲ್ಲಿ. ಹಾಗೆಂದರೆ ಪಡೆಯ ಮುಖ್ಯಾಧಿಕಾರಿಯೊಬ್ಬರೇ ನ್ಯಾಯಾಧೀಶರು. ಆರೋಪಿಗೆ ವಕೀಲರಿಲ್ಲ. ಇನ್ನೂ ಒಂದು ಸಂಗತಿ ಕಣ್ಣಿಗೆ ಬಿತ್ತು: ಈ ನ್ಯಾಯಾಲಯ ಕೆಳದರ್ಜೆಯವರಿಗೆ ಮಾತ್ರ. ಕ್ಯಾಪ್ಟನ್ನನ್ನು ಇದರ ಮುಂದೆ ನಿಲ್ಲಿಸಬೇಕೆಂದರೂ ಆಗುವುದಿಲ್ಲ. ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಬೈಗುಳ ಬರೆದೆ, ಈಗಲೂ ಇದೆ.

ಯಜಮಾನರ ಟ್ರಂಕಿನಲ್ಲಿ ಆ ವಿಚಾರಣೆಯ ಎರಡು ಹಾಳೆಯ ನಕಲು ಉಳಿದಿತ್ತು. ಅಚ್ಚಾದ ನಮೂನೆ, ನಡುನಡುವೆ ಕೈಬರಹ. ಆರೋಪ ಓದಿ ಹೇಳಲಾಯಿತು, ಆರೋಪಿ ತಪ್ಪೊಪ್ಪಿಕೊಂಡ. ಅದರ ಕೆಳಗೆ ಖಾಲಿ ಜಾಗ. ಅಲ್ಲಿ ಇರಬೇಕಾದ ಬರಹ ಒಂದಿದೆ. ಆರೋಪದ ಅರ್ಥವನ್ನೂ ಒಪ್ಪಿಕೊಂಡರೆ ಏನಾಗುತ್ತದೆ ಎಂಬುದನ್ನೂ ಆರೋಪಿಗೆ ಬಿಡಿಸಿ ಹೇಳಿದ್ದೇನೆ ಎಂದು ಅಧಿಕಾರಿ ಬರೆಯಲೇಬೇಕು. ಬರೆದಿರಲಿಲ್ಲ. ಆ ಖಾಲಿ ಜಾಗ ನೋಡಿ ನಾನು ಕುರ್ಚಿಯಿಂದ ಎದ್ದೇ ನಿಂತೆ. ಇಂಥ ಒಂದು ಲೋಪ ಸಿಕ್ಕರೆ ಇಡೀ ವಿಚಾರಣೆಯನ್ನೇ ಬೀಳಿಸಬಹುದು. ವಕೀಲರಿಗೆ ಇದು ಹಬ್ಬದೂಟ.

ಅರ್ಜಿ ಬರೆದೆ. ಜೊತೆಗೆ ಯಜಮಾನರು ಸಹಿ ಹಾಕಬೇಕಾದ ಅಫಿಡವಿಟ್ಟು. ಅವರನ್ನು ಕರೆಸಿ ಕನ್ನಡದಲ್ಲಿ ಓದಿ ಹೇಳಿದೆ: “ಆಗ ನನಗೆ ಹಿಂದಿ ಬರುತ್ತಿರಲಿಲ್ಲ. ನನ್ನ ಮೇಲಿನ ಆರೋಪ ಏನೆಂದು ನನಗೆ ಅರ್ಥವಾಗಿರಲಿಲ್ಲ.”

“ಅರ್ಥ ಆಗಿತ್ತಲ್ಲ” ಎಂದರು.

“ಏನು?”

“ಆಗ್ಲೇ ಎರಡ್ ವರ್ಷ ಹಿಂದಿಯೋರ್ ಜತೆ ಉಂಡು ಮಲಗಿದ್ದೆ ಕಣ್ರಮ್ಮ. ನೀರು ಅಂದ್ರೆ, ಬಂದ್ ಅಂದ್ರೆ ಗೊತ್ತಾಗಲ್ವಾ? ನೀರ್ ನಿಲ್ಸಿ ಮನ್ಷನ್ ಬೀಳಿಸ್ದೆ ಅಂದ್ರು. ಹೌದು ಅಂದೆ.”

“ಯಜಮಾನ್ರೆ, ಅರ್ಥ ಆಗಿತ್ತು ಅಂದ್ರೆ ನಮ್ಮ ಕೇಸೇ ಇಲ್ಲ. ಆ ಖಾಲಿ ಜಾಗಾನೇ ನಮ್ಮ ಕೇಸು.”

“ಹಂಗಾದ್ರೆ ಬ್ಯಾಡ ಬುಡಿ.”

ನಾನು ರೇಗಿದೆ. ಮೂರು ವಾರ ಕಣ್ಣು ಕೆಡಿಸಿಕೊಂಡದ್ದು ಬೇಡ ಬಿಡಿ ಎನ್ನಿಸಿಕೊಳ್ಳಲಿಕ್ಕಾ? ತಪ್ಪು ಮಾಡಿಸಿದವರೇ ಕಾನೂನು ಪಾಲಿಸಿಲ್ಲ, ನೀವ್ಯಾಕೆ ಹರಿಶ್ಚಂದ್ರ ಆಗ್ತೀರಿ ಎಂದು ಕೂಗಿದೆ. ಅವರು ಪುಸ್ತಕವನ್ನು ಮೊದಲ ಕವರಿಗೆ, ಅದನ್ನು ಎರಡನೇ ಕವರಿಗೆ ನಿಧಾನವಾಗಿ ಸೇರಿಸಿ ಕೈ ಮುಗಿದು ಹೋದರು. ಪಕ್ಕದ ಕೊಠಡಿಯ ವಕೀಲರು ಇಣುಕಿ ನೋಡಿ, “ಏನ್ರೀ, ಕಕ್ಷಿದಾರರನ್ನೇ ಓಡಿಸ್ತಾ ಇದೀರಾ?” ಎಂದು ನಕ್ಕರು.

ಎರಡು ವಾರ ಸುಮ್ಮನಿದ್ದೆ. ಆದರೆ ಗೆಲ್ಲುವ ಕೇಸು ಕೈಬಿಟ್ಟ ಸಂಕಟ ಹೋಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕಾರು ತೆಗೆದುಕೊಂಡು ಅಜ್ಜಂಪುರ ದಾಟಿ ಬುಕ್ಕಾಂಬುಧಿಗೆ ಹೋದೆ, ಮನವೊಲಿಸೋಣ ಎಂದು.

ಮನೆಯಲ್ಲಿ ಮೊದಲು ಮಾತಿಗೆ ಸಿಕ್ಕಿದ್ದು ಅವರ ಹೆಂಡತಿ. ಲೋಟದಲ್ಲಿ ಮಜ್ಜಿಗೆ ಕೊಟ್ಟು, ಗಂಡ ಇನ್ನೂ ಹಿತ್ತಲಲ್ಲಿದ್ದಾಗಲೇ ದೂರು ಶುರು ಮಾಡಿದರು.

“ನೋಡಿ ತಾಯಿ, ಮಿಲ್ಟ್ರಿ ಯಾಕ್ ಬಿಟ್ ಬಂದ್ರಿ ಅಂತ ಮದ್ವೆ ಆದಾಗ ಕೇಳ್ದೆ. ಹೊಟ್ಟೆನೋವು ಅಂದ್ರು. ಐವತ್ ವರ್ಷ ಓಮದ ಕಷಾಯ ಕಾಯ್ಸಿ ಕುಡಿಸಿದೀನಿ. ಈ ಮನ್ಷ ಒಂದ್ ದಿನಕ್ಕೂ ಬ್ಯಾಡ ಅನ್ದೆ ಕುಡ್ಕೊಂಡ್ ಬಂದ್ರು! ಈಗ ಹೋದ್ ತಿಂಗ್ಳು ಹೇಳ್ತಾರೆ, ಜೈಲಲ್ಲಿದ್ದೆ ಕಣೇ ಅಂತ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ನಕ್ಕೆ, ಆಕೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ದನಿ ಇಳಿಸಿ, “ಆ ಕಲ್ಲಿನ್ ಮೇಲೆ ಇವರ ಹೆಸ್ರು ಬರ್ಲಿ ತಾಯಿ. ನಿದ್ದೇಲೂ ಅದ್ನೇ ಗೊಣಗ್ತಾರೆ” ಎಂದರು.

ಯಜಮಾನರು ಬಂದವರೇ, ಮಾತಿಗೆ ಕೂರದೆ, “ಬನ್ನಿ, ಕೆರೆ ತೋರಿಸ್ತೀನಿ” ಎಂದರು. ಏರಿಯ ಮೇಲೆ ನಡೆದೆವು. ಕೆರೆ ಮುಕ್ಕಾಲು ತುಂಬಿತ್ತು. ತೂಬಿನ ಹತ್ತಿರ ನಿಂತು ಅವರು ಹೇಳಿದ್ದನ್ನು ನನ್ನ ನೆನಪಿನಲ್ಲಿ ಇದ್ದ ಹಾಗೇ ಬರೆಯುತ್ತೇನೆ.

“ಈಗ ಗೇಟು ಬಂದದೆ. ನಮ್ಮಪ್ಪನ್ ಕಾಲ್ದಲ್ಲಿ ಮರದ್ ಬಿರಡೆ. ಪಟೇಲ್ರು ಮುಚ್ಚು ಅಂದ್ರೆ ಮುಚ್ಬೇಕು, ಅದು ಸರಿ. ಆದ್ರೆ ಪೂರ್ತಿ ಮುಚ್ಚಂಗಿಲ್ಲ. ಬಿರಡೆ ಕೂರ್ಸಿ, ಒಂದ್ ಬೆರಳು ಎತ್ತಿ ಬುಡ್ಬೇಕು. ಕಾಲುವೆ ತಳದಲ್ಲಿ ಕಾಲುಂಗ್ರ ಮುಳುಗೋಷ್ಟು ನೀರು ಹರೀತಾನೇ ಇರ್ಬೇಕು. ದನದ್ ನೀರು ಅಂತಾರೆ ಅದ್ಕೆ. ದನ, ನಾಯಿ, ಹಕ್ಕಿ, ದಾರೀಲ್ ಹೋಗೋರು, ಯಾರಾದ್ರೂ ಕುಡೀಲಿ. ಅದ್ನ ನಿಲ್ಸು ಅನ್ನಾಕೆ ಪಟೇಲ್ರಿಗೂ ಹಕ್ಕಿಲ್ಲ, ಅಮಲ್ದಾರ್ರಿಗೂ ಹಕ್ಕಿಲ್ಲ. ನಿಲ್ಸಿದ್ರೆ ಅದು ನೀರುಗಂಟಿ ತಪ್ಪು, ಇನ್ಯಾರ್ದೂ ಅಲ್ಲ.”

ಗೇಟಿನ ಮೇಲೆ ಕೈ ಇಟ್ಟರು.

“ಆ ವಾಲ್ವಿನ್ ಚಕ್ರ ಪೂರ್ತಿ ಮುಚ್ಚಾಕೆ ಹನ್ನೊಂದ್ ಸುತ್ತು. ಸಾಹೇಬ್ರು ಪಕ್ಕದಲ್ಲೇ ನಿಂತಿದ್ರು, ನಿಜ. ಆದ್ರೆ ಹತ್ತಾ ಹನ್ನೊಂದಾ ಅವ್ರಿಗೇನ್ ಗೊತ್ತಾಗ್ತಿತ್ತು? ಅಲ್ಲಿ ನೀರಿನ್ ಕೆಲ್ಸ ಗೊತ್ತಿದ್ದೋನು ನಾನೊಬ್ನೇ. ಹತ್ತಕ್ಕೆ ನಿಲ್ಸಿದ್ರೆ ಸಾಕಿತ್ತು. ಹನ್ನೊಂದೂ ತಿರುಗಿಸ್ದೆ. ಹೆದ್ರಿಕೆಗಲ್ಲ, ಸಾಹೇಬ್ರು ಶಭಾಷ್ ಅನ್ಲಿ ಅಂತ. ಹೇಳ್ದೋರ್ದು ಒಂದ್ ತಪ್ಪು ಲಾಯರಮ್ಮ. ತಿರುಗ್ಸಿದ್ ಕೈದೂ ಒಂದ್ ತಪ್ಪು. ಅವ್ರ್ದು ಯಾರೂ ಕೇಳ್ಲಿಲ್ಲ ಅನ್ನೋದು ನಂಗೆ ಉರಿ. ಹಂಗಂತ ನಂದು ಇಲ್ವೇ ಇಲ್ಲ ಅಂತ ಹೆಂಗ್ ಸಹಿ ಹಾಕ್ಲಿ?”

ಆಮೇಲೆ, ನನ್ನ ಕಡೆ ತಿರುಗದೆ, “ಆ ಬಿದ್ ಮನ್ಷ ಉಳಿದ್ನೋ ಸತ್ನೋ, ಅದೇ ಗೊತ್ತಿಲ್ಲ. ಸತ್ತಿದ್ರೆ ನನ್ ಹೆಸ್ರು ಆ ಕಲ್ಲಿಗೆ ಬ್ಯಾಡ. ಅದ್ನೊಂದ್ ತಿಳ್ಸಿಬುಡಿ” ಎಂದರು.

ತರೀಕೆರೆಗೆ ಹಿಂತಿರುಗುವಾಗ ನನ್ನ ಮೇಲೇ ನನಗೆ ನಾಚಿಕೆಯಾಯಿತು. ಕೆಳಗಿನ ಸಿಪಾಯಿ ಎಂದರೆ ಮೇಲಿನವರು ತಿರುಗಿಸಿದ ಹಾಗೆ ತಿರುಗುವ ಸಲಕರಣೆ ಎಂದು ನಾನೂ ಅಂದುಕೊಂಡಿದ್ದೆನಲ್ಲ. ಆ ಕ್ಯಾಪ್ಟನ್ ಅಂದುಕೊಂಡಿದ್ದೂ ಅದನ್ನೇ. ಮರುದಿನ ಮೊದಲ ಅರ್ಜಿಯನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಖಾಲಿ ಜಾಗದ ಮಾತು ಎತ್ತುವುದಿಲ್ಲ ಎಂದು ತೀರ್ಮಾನಿಸಿದೆ. ಗೆಲ್ಲುವ ವಾದ ಬಿಟ್ಟು ಹೀಗೆ ಹೊರಟಿದ್ದು ನನ್ನ ಕಸುಬಿನಲ್ಲಿ ಅದೇ ಮೊದಲು.

ಹೊಸ ಅರ್ಜಿಯ ಬೇಡಿಕೆ ಚಿಕ್ಕದು. ತಪ್ಪು ನಡೆದದ್ದು ನಿಜ, ಜೈಲು ಅನುಭವಿಸಿದ್ದು ಸರಿ. ಆದರೆ ಆಜ್ಞೆ ಕೊಟ್ಟವರನ್ನು ಕೇಳದೆ ಪಾಲಿಸಿದವನೊಬ್ಬನನ್ನೇ ಹೊರಹಾಕಿದ್ದು ನ್ಯಾಯವಲ್ಲ. ವಜಾ ಎಂಬುದನ್ನು ಬಿಡುಗಡೆ ಎಂದು ಬದಲಿಸಬೇಕು. ಅಫಿಡವಿಟ್ಟಿನಲ್ಲಿ ಯಜಮಾನರು ಹೇಳಿದ್ದನ್ನೆಲ್ಲ ಹಾಕಿದೆ. ದನದ ನೀರು, ಕ್ಯಾಪ್ಟನ್ ಹೆಸರು, ಹನ್ನೊಂದು ಸುತ್ತು, ಶಭಾಷ್ ಎನ್ನಿಸಿಕೊಳ್ಳುವ ಆಸೆ, ಎಲ್ಲ. ಓದಿ ಹೇಳಿದಾಗ, “ಹೂಂ, ಇದು ನಂದು” ಎಂದು ಸಹಿ ಹಾಕಿದರು. ಐವತ್ತು ವರ್ಷದ ವಿಳಂಬ ಮನ್ನಿಸಲು ಇನ್ನೊಂದು ಅರ್ಜಿ ಬೇಕಿತ್ತು. ಕಾರಣದ ಕಾಲಂ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಕೊನೆಗೆ ನಾಚಿಕೆ ಎಂದೇ ಬರೆದೆ.

ಸೈನಿಕರ ದೂರು ಕೇಳುವ ನ್ಯಾಯಮಂಡಳಿಯ ಪೀಠ ಆಗೊಮ್ಮೆ ಈಗೊಮ್ಮೆ ಬೆಂಗಳೂರಿಗೆ ಬಂದು ಕೂರುತ್ತಿತ್ತು. ತಡವಾಯಿತೆಂದು ಮೊದಲ ದಿನವೇ ಅರ್ಜಿಯನ್ನು ತಳ್ಳಿಹಾಕುತ್ತಾರೆಂದುಕೊಂಡಿದ್ದೆ. ಪೀಠದಲ್ಲಿ ಇಬ್ಬರು. ನಿವೃತ್ತ ನ್ಯಾಯಮೂರ್ತಿ ಒಬ್ಬರು, ನಿವೃತ್ತ ಸೇನಾಧಿಕಾರಿ ಇನ್ನೊಬ್ಬರು. ನ್ಯಾಯಮೂರ್ತಿಗಳು ನಾಚಿಕೆ ಎಂಬ ಪದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿ, ದಾಖಲೆ ತರಿಸಿ ಎಂದು ಸರ್ಕಾರದ ವಕೀಲರಿಗೆ ಹೇಳಿದರು. ಅರ್ಜಿ ಉಳಿಯಿತು.

ಖುಷಿ ಎರಡು ತಿಂಗಳಷ್ಟೇ. ದಾಖಲೆ ಇಲ್ಲ ಎಂದು ಉತ್ತರ ಬಂತು. ಇಡಬೇಕಾದ ಅವಧಿ ಮುಗಿದ ಕಾರಣ ವಿಚಾರಣೆಯ ಕಡತವನ್ನು ನಿಯಮದ ಪ್ರಕಾರ ನಾಶಪಡಿಸಲಾಗಿದೆ. ಯಜಮಾನರಿಗೆ ಫೋನಿನಲ್ಲಿ ಹೇಳಿದೆ. “ಆ ಮನ್ಷನ್ ವಿಚಾರಾನೂ ಅದ್ರಲ್ಲೇ ಹೋಯ್ತಾ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ನಮ್ಮಪ್ಪ ಅಮಲ್ದಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಯಾರಾದರೂ ಜಮೀನಿನ ಪತ್ರ ಕಳೆದುಕೊಂಡು ಅಳುತ್ತಾ ಬಂದರೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, ಪಕ್ಕದ ಜಮೀನು ಯಾರದ್ದು ಎಂಬುದು. ಪ್ರತಿ ಪತ್ರದಲ್ಲೂ ಚೆಕ್ಕುಬಂದಿ ಬರೆದಿರುತ್ತದಲ್ಲ, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದ್ದು ಎಂದು. ನಮ್ಮ ಪತ್ರ ಹೋದರೂ ಪಕ್ಕದವನ ಪತ್ರದಲ್ಲಿ ನಮ್ಮ ಹೆಸರು ಕೂತಿರುತ್ತದೆ. ಯಾರದೋ ಬದುವಿನ ಕೇಸಿಗೆ ಚೆಕ್ಕುಬಂದಿ ಬರೆಯುತ್ತಿದ್ದಾಗ ಇದು ಥಟ್ಟನೆ ಹೊಳೆಯಿತು. ಸಿಪಾಯಿಯ ಕಡತ ಸುಟ್ಟಿರಬಹುದು. ಕೈದಿಯ ಕಡತ? ಅವನು ಬಿದ್ದ, ಆಸ್ಪತ್ರೆಗೆ ಹೋದ. ಅದಕ್ಕೊಂದು ಕಾಗದ ಆಗಿರಲೇಬೇಕು. ಅನ್ಯದೇಶದ ಸೆರೆಯಾಳುಗಳ ಕಾಗದವನ್ನು ಅಷ್ಟು ಸುಲಭವಾಗಿ ಯಾರೂ ಸುಡುವುದಿಲ್ಲ.

ಹಾಗಾಗಿ ಇನ್ನೊಂದು ಅರ್ಜಿ ಹಾಕಿದೆ, ಈ ಸಲ ಯಜಮಾನರ ಹೆಸರನ್ನೇ ಹಾಕದೆ. ಇಂಥ ಶಿಬಿರ, ಇಂಥ ಬ್ಯಾರಕ್ಕು, ಇಂಥ ಬೇಸಿಗೆಯಲ್ಲಿ ಗಾಯಗೊಂಡ ಕೈದಿಯ ಬಗ್ಗೆ ಇರುವ ಕಾಗದಗಳು ಎಂದು ಕೇಳಿದೆ. ಸರ್ಕಾರದ ವಕೀಲ ಹುಡುಗನ ಹಾಗಿದ್ದರೂ ಒಳ್ಳೆಯ ಮನುಷ್ಯ, ತಾವೇ ಬೆನ್ನು ಹತ್ತಿ ಹುಡುಕಿಸಿದರು. ಐದು ತಿಂಗಳಾದ ಮೇಲೆ ನನ್ನ ಕಚೇರಿಗೆ ಲಕೋಟೆ ಬಂತು. ಏಳು ಹಾಳೆ. ಒಡೆದು ನೋಡಿದರೆ ನಾಲ್ಕು ಹಾಳೆ ಕೈಬರಹದ ಉರ್ದು.

ಕಡೂರಿನಲ್ಲಿ ಉರ್ದು ಶಾಲೆಯಿಂದ ನಿವೃತ್ತರಾದ ಮೇಷ್ಟ್ರೊಬ್ಬರಿದ್ದರು. ಹಳೆಯ ಜಮೀನು ಕಾಗದ ಓದಿಸಲು ನಮ್ಮಪ್ಪ ಅವರ ಹತ್ತಿರವೇ ಹೋಗುತ್ತಿದ್ದರು. ಫೋನ್ ಮಾಡಿದಾಗ, “ಬನ್ನಿ ಅಮ್ಮ. ಆದ್ರೆ ಸಾರಾಂಶ ಗೀರಾಂಶ ಕೇಳ್ಬೇಡಿ, ಸಾಲು ಸಾಲು ಓದ್ತೀನಿ” ಎಂದರು. ಯಜಮಾನರೂ ಬರುತ್ತೇನೆಂದು ಹಟ ಹಿಡಿದರು. ಸತ್ತಿದ್ದಾನೆಂದು ಅದರಲ್ಲಿದ್ದರೆ ಏನು ಮಾಡುವುದು ಎಂದು ನನಗೆ ಅಳುಕು. ಕರೆದುಕೊಂಡೇ ಹೋದೆ.

ಬೆಳಗಿನ ಬಿಸಿಲು ಬಿದ್ದ ಜಗುಲಿ. ಮೇಷ್ಟ್ರು ಭೂತಗನ್ನಡಿ ಒರೆಸಿಕೊಂಡು ಮೊದಲ ಹಾಳೆಯನ್ನು ಸುಮ್ಮನೆ ಒಂದು ಸಲ ಪೂರ್ತಿ ನೋಡಿದರು. ಯಜಮಾನರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಮೇಷ್ಟ್ರು ಉರ್ದುವಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು ಓದತೊಡಗಿದರು. ಹೇಳಿಕೆ ಕೊಟ್ಟವನ ಹೆಸರು, ತಂದೆಯ ಹೆಸರು, ಊರು. ಆಮೇಲೆ, “ನಾನು ಆಸ್ಪತ್ರೆಯಿಂದ ಹಿಂತಿರುಗಿ ಆರು ದಿನವಾಯಿತು. ತಲೆಯ ಗಾಯ ಮಾಗಿದೆ.”

“ಬದುಕಿದ್ನಾ?” ಎಂದರು ಯಜಮಾನರು.

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟರು. “ಬದುಕಿದ್ದಕ್ಕೇ ಮಾತಾಡ್ತಾ ಇದಾನೆ ಯಜಮಾನ್ರೆ. ಕೇಳ್ರಿ, ಇನ್ನೂ ಇದೆ.”

ಯಜಮಾನರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮೇಷ್ಟ್ರು ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟರು. ಅವರು ಪೂರ್ತಿ ಕುಡಿದು ಚೊಂಬು ಕೆಳಗಿಟ್ಟರು.

ಮೇಷ್ಟ್ರು ಮುಂದುವರಿಸಿದರು. “ನಮ್ಮದು ಕಾಲುವೆ ನೀರಿನ ಊರು. ನೀರು ಬಿಡುವವರ ಕೈ ನೋಡುತ್ತಲೇ ಬೆಳೆದವನು ನಾನು. ಆ ಸಿಪಾಯಿ ಚಕ್ರ ತಿರುಗಿಸುವಾಗ ಎಣಿಸಿದೆ. ಹನ್ನೊಂದು ಸುತ್ತು. ಒಂದು ಹನಿಯೂ ಬಾರದ ಹಾಗೆ ಮುಚ್ಚಿದ. ಮುಚ್ಚಿದವನು ಅವನೇ. ಮುಚ್ಚು ಎಂದದ್ದು ಪಕ್ಕದಲ್ಲಿ ನಿಂತಿದ್ದ ಕ್ಯಾಪ್ಟನ್. ನೀವು ಸಿಪಾಯಿಯ ಹೆಸರನ್ನು ಮಾತ್ರ ಕೇಳುತ್ತಿದ್ದೀರಿ. ಇಬ್ಬರ ಹೆಸರೂ ಬರೆದುಕೊಳ್ಳಿ.”

ನಾನು ಕೈಚೀಲದಿಂದ ನಮ್ಮ ಅಫಿಡವಿಟ್ಟನ್ನು ತೆಗೆದು ನೋಡಿದೆ, ಬಾಯಿಪಾಠವಾಗಿದ್ದರೂ ನೋಡಿದೆ. ಹನ್ನೊಂದು ಸುತ್ತು. ಈ ಹಾಳೆಗಳು ಯಾರ ಕಣ್ಣಿಗೂ ಬೀಳುವ ಎಷ್ಟೋ ತಿಂಗಳ ಮುಂಚೆ ಯಜಮಾನರು ಪ್ರಮಾಣ ಮಾಡಿ ಬರೆಸಿದ್ದ ಲೆಕ್ಕ. ಆ ಕೈದಿಯ ಬಾಯಿಂದಲೂ ಅದೇ ಬಂದಿತ್ತು. ಆರೋಪ ಅರ್ಥವಾಗಿರಲಿಲ್ಲ ಎಂಬ ನನ್ನ ಜಾಣ ಸುಳ್ಳಿಗೆ ಅವರು ಸಹಿ ಹಾಕಿದ್ದರೆ, ಕ್ಯಾಪ್ಟನ್ ಮಾತು ಅರ್ಥವಾದವನಿಗೆ ಆರೋಪ ಮಾತ್ರ ಅರ್ಥವಾಗಲಿಲ್ಲವೇ ಎಂದು ಕೇಳಿಸಿ ಈ ಹಾಳೆ ನಮ್ಮನ್ನೇ ಮುಳುಗಿಸುತ್ತಿತ್ತು.

ಹೇಳಿಕೆ ಬರೆದುಕೊಂಡವನು ಅದರ ಕೆಳಗೆ ಎರಡೂ ಹೆಸರನ್ನು ಹಾಕಿದ್ದ. ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಇಂಗ್ಲಿಷಿನ ಒಂದು ಸಾಲು ಇತ್ತು, ನಲ್ಲಿಯ ಸಿಪಾಯಿಯ ಮೇಲೆ ಮಾತ್ರ ಕ್ರಮ ಎಂದು. ಉಳಿದ ಹಾಳೆಗಳಲ್ಲಿ ಆಸ್ಪತ್ರೆಯ ಚೀಟಿ, ಮತ್ತು ಮುಂದಿನ ವರ್ಷ ಆ ಕೈದಿ ತನ್ನ ದೇಶಕ್ಕೆ ಮರಳಿದ ನಮೂದು. ಮೇಷ್ಟ್ರು ಸಾಲುಸಾಲಿನ ಅನುವಾದ ಬರೆದು, ತಾವೇ ಪ್ರಮಾಣ ಮಾಡಿ ಸಹಿ ಹಾಕಿ ಕೊಟ್ಟರು. ಬೀಳ್ಕೊಡುವಾಗ ಯಜಮಾನರ ಭುಜ ತಟ್ಟಿ, “ಅಕ್ಷರ ಕೆಟ್ಟದಾಗಿದೆ, ಮಾತು ಚೆನ್ನಾಗಿದೆ” ಎಂದರು.

ಕೊನೆಯ ವಿಚಾರಣೆಯ ದಿನ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ನಾನು ವಾದ ಮುಗಿಸಿದೆ. ಸರ್ಕಾರದ ವಕೀಲರು ತಮ್ಮ ಕರ್ತವ್ಯ ಮಾಡಿದರು. ಆಜ್ಞೆ ಇತ್ತು ಎಂಬುದು ಕೈದಿಗೆ ಹಿಂಸೆ ಕೊಡಲು ನೆಪವಾಗುವುದಿಲ್ಲ, ಇದನ್ನು ಒಪ್ಪಿದರೆ ನಾಳೆ ಪ್ರತಿಯೊಬ್ಬನೂ ಮೇಲಿನವರ ಕಡೆ ಬೆರಳು ತೋರಿಸುತ್ತಾನೆ ಎಂದರು. ಆ ಮಾತು ಸುಳ್ಳೂ ಅಲ್ಲ. ಆಗ ಪೀಠದಲ್ಲಿದ್ದ ನಿವೃತ್ತ ಸೇನಾಧಿಕಾರಿ ಯಜಮಾನರನ್ನು ಮುಂದೆ ಕರೆದರು. ಇವರು ಹೋಗಿ ಎದೆ ಸೆಟೆಸಿ ನಿಂತ ರೀತಿ ನೋಡಿ ಅಧಿಕಾರಿಯೂ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದರು. ನಿಮಗೆ ಬೇಕಾದದ್ದೇನು ಎಂದು ಹಿಂದಿಯಲ್ಲಿ ಕೇಳಿದರು. ಯಜಮಾನರು ಹಿಂದಿಯಲ್ಲೇ ಶುರುಮಾಡಿದರು. ಅರ್ಧಕ್ಕೆ ಹಿಂದಿ ಮುಗಿದುಹೋಯಿತು. ನ್ಯಾಯಮೂರ್ತಿಗಳು, “ಕನ್ನಡದಲ್ಲೇ ಹೇಳಿ” ಎಂದರು.

“ಸ್ವಾಮಿ, ನನ್ ಹೆಸ್ರು ಅಳಿಸ್ಬ್ಯಾಡಿ. ಆ ಮನ್ಷ ಹೇಳ್ದಂಗೆ ಮಾಡಿ. ಇಬ್ರುದೂ ಬರ್ಕೊಳ್ಳಿ.”

ನಾವು ಕೇಳಿದ್ದ ಬೇಡಿಕೆಯಲ್ಲಿ ಇದು ಇರಲಿಲ್ಲ. ಹಿಂದಿನ ನಾನಾಗಿದ್ದರೆ ಅವರ ಅಂಗಿ ಹಿಡಿದು ಎಳೆದು ಕೂರಿಸುತ್ತಿದ್ದೆ. ನ್ಯಾಯಮೂರ್ತಿಗಳು ಅದನ್ನು ತಮ್ಮ ಪಕ್ಕದವರಿಗೆ ಮೆಲ್ಲಗೆ ಅನುವಾದಿಸಿದರು. ಅವರು ಏನೋ ಬರೆದುಕೊಂಡರು.

ಆದೇಶ ಬಂದದ್ದು ಏಳು ವಾರದ ಮೇಲೆ. ತಪ್ಪಿತಸ್ಥ ಎಂಬ ತೀರ್ಮಾನ ಹಾಗೇ ಉಳಿದಿತ್ತು. ವಜಾ ರದ್ದಾಗಿ ಬಿಡುಗಡೆ ಎಂದಾಗಿತ್ತು. ಕ್ಯಾಪ್ಟನ್ ಈಗ ಬದುಕಿಲ್ಲ, ಅವರ ಮಾತು ಕೇಳದೆ ಅವರ ಮೇಲೆ ಯಾವ ತೀರ್ಪೂ ಕೊಡಲಾಗದು. ಆದರೆ ಕೈದಿಯ ಹೇಳಿಕೆಯಲ್ಲಿ ಅವರ ಹೆಸರಿತ್ತು, ಅಂದೇ ವಿಚಾರಿಸಬೇಕಿತ್ತು, ವಿಚಾರಿಸಲಿಲ್ಲ ಎಂದು ಬರೆದು ಆ ಹೆಸರನ್ನು ದಾಖಲಿಸಿದ್ದರು. ನನಗೆ ಇಷ್ಟೇನಾ ಎನ್ನಿಸಿತು. ನನ್ನ ಉರಿ ಅಷ್ಟು ಬೇಗ ಆರುವಂಥದ್ದಲ್ಲ.

ಯಜಮಾನರು ಹೆಂಡತಿಯನ್ನೂ ಕರೆದುಕೊಂಡು ಕಚೇರಿಗೆ ಬಂದರು. ಆಕೆ ಬಾಗಿಲಲ್ಲೇ, “ಇನ್ನೊಂದ್ ದಿನ ಓಮ ಕೇಳಿ, ನೋಡ್ಕೋತೀನಿ” ಎಂದು ಗಂಡನಿಗೆ ಎಚ್ಚರಿಕೆ ಕೊಟ್ಟು ಕೂತರು. ಆದೇಶವನ್ನು ಕನ್ನಡ ಮಾಡಿ ಓದಿದೆ. ಬಿಡುಗಡೆ ಎಂಬ ಪದ ಬಂದಾಗ ಆಕೆ ಕಣ್ಣೊರೆಸಿಕೊಂಡರು. ಯಜಮಾನರು ತಲೆಯಾಡಿಸಿದರು, ಅಷ್ಟೆ. ಓದಿ ಮುಗಿಸಿದ ಮೇಲೆ, “ಹೆಸ್ರು ಇರೋ ಜಾಗ ಮಾತ್ರ ಇನ್ನೊಂದ್ ಸಲ ಓದಿ” ಎಂದರು.

ಓದಿದೆ. ಅವರದು, ಕ್ಯಾಪ್ಟನ್ನರದು, ಆಮೇಲೆ ಹೇಳಿಕೆ ಕೊಟ್ಟ ಕೈದಿಯದು.

“ಆ ಮೂರ್ನೇದು ಇನ್ನೊಂದ್ ಸಲ.”

ಮತ್ತೆ ಓದಿದೆ. ಅವರು ಅದನ್ನು ತಮ್ಮ ನಾಲಿಗೆಯಲ್ಲಿ, ಬುಕ್ಕಾಂಬುಧಿಯ ಉಚ್ಚಾರಣೆಯಲ್ಲಿ, ಎರಡು ಸಲ ಹೇಳಿಕೊಂಡರು. ಹೆಂಡತಿಯ ಕೈಯಲ್ಲೂ ಹೇಳಿಸಿದರು. ಆಮೇಲೆ ಪುಸ್ತಕ, ಆದೇಶ ಎರಡರ ಜೆರಾಕ್ಸ್ ಎಲ್ಲಿ ಮಾಡಿಸಬಹುದೆಂದು ಕೇಳಿ, ಅಜ್ಜಂಪುರದ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಕಲ್ಲು ಈಗ ನಿಂತಿದೆ, ಕೊನೆಯ ಸಾಲಿನಲ್ಲಿ ಅವರ ಹೆಸರಿದೆ. ಇದನ್ನು ಬರೆಯುತ್ತೇನೆಂದಾಗ ಹೆಸರು ಹಾಕಿಯೇ ಬರೆಯಿರಿ ಎಂದು ಅವರು ಹೇಳಿದ್ದರು. ನಾನೇ ಬೇಡವೆಂದೆ. ಮೂರನ್ನೂ ಬರೆಯಬೇಕಾದ ಕಡೆ ಬರೆದಾಗಿದೆ.